ಅಣ್ಣ ಮತ್ತು ಅರವತ್ತು ಡಿಗ್ರಿ

ನಮ್ಮಣ್ಣ ಪಾಠ ಹೇಳಿದ ಹುಡುಗರಲ್ಲೊಬ್ಬ ಈಗ ಅದೇ ಶಾಲೆಗೆ ಹೆಡ್‌ಮೇಷ್ಟ್ರಾಗಿದ್ದಾನೆ. ಮೊನ್ನೆ ಹೊನ್ನಾಳಿಯ ನನ್ನ ಹೋಟೆಲಿಗೆ ಬಂದು, ಹಳೆಯ ಮೇಷ್ಟ್ರುಗಳ ನೆನಪಿಗೆ ಒಂದು ಪುಸ್ತಕ ಮಾಡುತ್ತಿದ್ದೇವೆ, ನಿಮ್ಮಣ್ಣನ ಬಗ್ಗೆ ನೀವೇ ಬರೆದುಕೊಡಬೇಕು ಎಂದ. ನಾನು ಮೂರನೇ ಕ್ಲಾಸು ದಾಟದವನು ಎಂದೆ.

"ಇರಲಿ, ಬರೀರಿ. ಅವರು ಎಂಥಾ ದೊಡ್ಡೋರು ಅಂತ ನಿಮಗಿಂತ ಯಾರಿಗೆ ಗೊತ್ತೈತೆ?" ಎನ್ನುತ್ತ ಎಡಗಿವಿ ಸವರಿಕೊಂಡ. ಅಣ್ಣ ಹಿಂಡುತ್ತಿದ್ದುದು ಆ ಕಿವಿಯನ್ನೇ. ಹಿಂಡಿಸಿಕೊಂಡವರೆಲ್ಲ ಈಗ ಅದನ್ನು ಬಹುಮಾನ ಸಿಕ್ಕಿದ ಹಾಗೆ ಹೇಳಿಕೊಳ್ಳುತ್ತಾರೆ.

ಅಣ್ಣ ದೊಡ್ಡವನೆಂಬುದು ಸುಳ್ಳಲ್ಲ. ಆದರೆ ಅವನ ಕೊನೆಯ ವರ್ಷಗಳು ಯಾಕೆ ಹಾಗಾದವು ಎಂದು ಗೊತ್ತಿರುವವನು ನಾನೊಬ್ಬನೇ. ಅದನ್ನು ಬಿಟ್ಟು ಬರೆಯುವುದಾದರೆ ಆ ಹೆಡ್‌ಮೇಷ್ಟ್ರೇ ನನಗಿಂತ ಚೆನ್ನಾಗಿ ಬರೆಯುತ್ತಾನೆ.

ಅಣ್ಣ ಎತ್ತರದ ಆಳು. ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಬಿಗಿಯಾದ ಪೇಟ, ಹೆಗಲ ಮೇಲೆ ಮಡಿಕೆ ಮುರಿಯದ ಶಲ್ಯ. ಚಾಕ್ ಹಿಡಿದ ಬೆರಳನ್ನು ಉಫ್ ಎಂದು ಊದಿಕೊಂಡ ಮೇಲೆಯೇ ಬೇರೆ ಏನನ್ನಾದರೂ ಮುಟ್ಟುತ್ತಿದ್ದ. ಲೆಕ್ಕವೊಂದು ಶೇಷವಿಲ್ಲದೆ ಬಗೆಹರಿಯಿತೆಂದರೆ ಪೇಟ ಹಿಂದಕ್ಕೆ ತಳ್ಳಿ ಹಣೆ ಕೆರೆದುಕೊಂಡು ನಗುತ್ತಿದ್ದ. ಮನುಷ್ಯರನ್ನು ನೋಡಿ ಹಾಗೆ ನಕ್ಕಿದ್ದನ್ನು ನಾನು ಕಂಡಿಲ್ಲ.

ಕಿವಿ ಹಿಂಡುವುದು ಅವನ ಲೆಕ್ಕದಲ್ಲಿ ಶಿಕ್ಷೆಯೇ ಅಲ್ಲ. ಅವನ ಶಿಕ್ಷೆ ಬೇರೆ ಇತ್ತು. ಹುಡುಗ ಬೋರ್ಡಿನ ಮೇಲೆ ತಪ್ಪು ಬರೆದರೆ ಇವನು ತಪ್ಪೆಂದು ಹೇಳುತ್ತಿರಲಿಲ್ಲ. ಕಿಟಕಿಯ ಹತ್ತಿರ ಕೈಕಟ್ಟಿ ನಿಂತು, "ಹೂಂ, ಮುಂದೆ?" ಎನ್ನುತ್ತಿದ್ದ. ಹುಡುಗ ಸರಿಯಿರಬೇಕೆಂದುಕೊಂಡು ಮುಂದಿನ ಸಾಲು ಬರೆಯುತ್ತಿದ್ದ. "ಹೂಂ, ಮುಂದೆ?" ಇನ್ನೊಂದು ಸಾಲು. ಇಡೀ ಕ್ಲಾಸಿಗೆ ತಪ್ಪು ಕಾಣುತ್ತಿತ್ತು, ಬರೆಯುವವನಿಗೆ ಮಾತ್ರ ಕಾಣುತ್ತಿರಲಿಲ್ಲ. ಕೊನೆಗೆ ಅವನಿಗೂ ಕಂಡು ಕೈಯಿಂದ ಚಾಕ್ ಬೀಳುವವರೆಗೂ ಅಣ್ಣ ಬಿಡುತ್ತಿರಲಿಲ್ಲ.

ನನಗೂ ಹಾಗೆಯೇ ಮಾಡಿದ. ಅವನು ಮೇಷ್ಟ್ರಾಗಿ ಬಂದಾಗ ನಾನು ಮೂರನೇ ಕ್ಲಾಸಿನಲ್ಲಿದ್ದೆ. ಭಾಗಾಕಾರ ಕೊಟ್ಟ. ಎಲ್ಲಿ ತಪ್ಪಿದೆನೋ, ಶೇಷ ಮುಗಿಯದೆ ಬರೆಯುತ್ತಲೇ ಹೋದೆ. "ಹೂಂ, ಮುಂದೆ?" ಬೋರ್ಡು ತುಂಬಿತು. ತಿರುಗಿ ಅವನ ಮುಖ ನೋಡಿದೆ.

"ಯಾಕೆ ನಿಂತಿ? ಗೋಡೆ ಐತಲ್ಲ, ಬರಿ."

ಗೋಡೆಯ ಮೇಲೆ ಬರೆದೆ. ಬಾಗಿಲಿನವರೆಗೂ ಬರೆದು, ಬಾಗಿಲಿನಿಂದ ಹಾಗೇ ಆಚೆಗೆ ಹೋದೆ. ಮತ್ತೆ ಶಾಲೆಗೆ ಕಾಲಿಡಲಿಲ್ಲ. ಅವ್ವ ಅತ್ತು ಕರೆದಾಗ ಅಣ್ಣ, "ಬಿಡವ್ವ, ಮನೆಗೊಂದು ಸೊನ್ನೆ ಬೇಕಾಗತೈತೆ," ಎಂದ. ನಮ್ಮ ಸೋದರಮಾವನ ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿದೆ. ಮಾವನಿಗೆ ಗಂಡುಮಕ್ಕಳಿರಲಿಲ್ಲವಾಗಿ ಮುಂದೆ ಹೋಟೆಲು ನನ್ನದಾಯಿತು.

ಆ ಹೋಟೆಲಿನ ಹಿಂದಿನ ಕೋಣೆಯಲ್ಲಿಯೇ ಲೆಕ್ಕದ ಮೇಷ್ಟ್ರುಗಳು ಸೇರುತ್ತಿದ್ದರು. ಆಗ ಹೊಸ ಪುಸ್ತಕಗಳು ಬಂದಿದ್ದವು. ಅವುಗಳ ಕಷ್ಟದ ಲೆಕ್ಕಗಳಿಗೆ ಉತ್ತರ ಕೊಟ್ಟಿರಲಿಲ್ಲ. ಒಂದೊಂದು ಊರಿನಲ್ಲಿ ಒಬ್ಬೊಬ್ಬರೇ ಲೆಕ್ಕದ ಮೇಷ್ಟ್ರು, ಕೇಳಲು ಪಕ್ಕದಲ್ಲಿ ಯಾರೂ ಇಲ್ಲ. ಹಾಗಾಗಿ ಚನ್ನಗಿರಿ, ನ್ಯಾಮತಿ, ಜಗಳೂರಿನವರು ತಿಂಗಳಿಗೊಂದು ಭಾನುವಾರ ಹೊನ್ನಾಳಿಗೆ ಬಂದು ಅಣ್ಣನ ಜೊತೆ ಕೂರುತ್ತಿದ್ದರು. ಜಗಳೂರಿನವರು ಹಿಂದಿನ ದಿನವೇ ಬಂದು ನನ್ನ ಬೆಂಚಿನ ಮೇಲೆ ಮಲಗುತ್ತಿದ್ದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ ಎಲ್ಲ ನನ್ನ ಕಡೆಯಿಂದ. ಅಣ್ಣ ಮೊದಲ ದಿನವೇ ನನ್ನನ್ನು ಪರಿಚಯ ಮಾಡಿಕೊಟ್ಟಿದ್ದ: "ಇವನು ನಮ್ಮ ಮನೆ ಸೊನ್ನೆ."

ಗೋಡೆಗೆ ಒಂದು ಕರಿಹಲಗೆ ಒರಗಿಸಿ ಲೆಕ್ಕ ಬಿಡಿಸುತ್ತಿದ್ದರು. ಯಾರೂ ಪೂರ್ತಿ ಬಿಡಿಸುವಂತಿರಲಿಲ್ಲ. ಒಬ್ಬರು ಒಂದು ಸಾಲು ಬರೆದು ಚಾಕನ್ನು ಪಕ್ಕದವರಿಗೆ ಕೊಡಬೇಕು, ಅವರು ಮುಂದಿನ ಸಾಲು ಬರೆಯಬೇಕು. ನೋಡುವುದಕ್ಕೆ ಚೆಂದವಾಗಿರುತ್ತಿತ್ತು, ಒಂದೇ ಲೆಕ್ಕದಲ್ಲಿ ನಾಲ್ಕು ಕೈಬರಹ. ಅಣ್ಣ ಇದಕ್ಕೆ ತನ್ನದೊಂದು ಕಟ್ಟಳೆ ಸೇರಿಸಿದ. ತಪ್ಪು ಸಾಲು ಬರೆದವರು ಅದನ್ನು ತಮ್ಮ ಶಲ್ಯದಿಂದಲೇ ಒರೆಸಬೇಕು. ಸಂಜೆ ಬಸ್ಸಿಗೆ ನಿಂತಾಗ ಯಾರು ಎಷ್ಟು ತಪ್ಪಿದ್ದಾರೆಂದು ಊರಿಗೆಲ್ಲ ಬೆಳ್ಳಗೆ ಕಾಣುತ್ತಿತ್ತು. ಅಣ್ಣನ ಶಲ್ಯ ಮಾತ್ರ ಅಗಸರವನು ತಂದುಕೊಟ್ಟ ಹಾಗೆಯೇ ಇರುತ್ತಿತ್ತು.

ನ್ಯಾಮತಿಯ ಮೇಷ್ಟ್ರು ವಯಸ್ಸಾದವರು, ನಿಧಾನ. ಒಂದು ಭಾನುವಾರ ಚಾಕ್ ಹಿಡಿದು ಹಲಗೆಯ ಮುಂದೆ ನಿಂತೇ ಇದ್ದರು.

"ತಡೀರಿ ಸ್ವಲ್ಪ, ಹೊಳೀತೈತೆ."

"ಹೊಳೆ ಇಲ್ಲೇ ಹಿಂದೆ ಐತೆ. ಬೇಕಾದ್ರೆ ಹೋಗಿ ಒಂದು ಮುಳುಗು ಹಾಕಿ ಬರ್ರಿ," ಎಂದ ಅಣ್ಣ.

ಎಲ್ಲರೂ ನಕ್ಕರು, ಮುದುಕರೂ ನಕ್ಕರು. ಬರೆದರು. ತಪ್ಪಾಗಿತ್ತು.

"ಒರೆಸ್ರಿ."

"ಇವತ್ತೊಂದಿನ ಬಟ್ಟೆ ಚೂರು ಕೊಡಿಸ್ರಿ ಮೇಷ್ಟ್ರೇ. ಇದು ಮಗಳ ಮದುವ್ಯಾಗೆ ಬೀಗರು ಹೊದಿಸಿದ್ದು."

"ಬೀಗರಿಗೂ ಗೊತ್ತಾಗಲಿ ಬಿಡ್ರಿ, ಎಂಥಾ ಮೇಷ್ಟ್ರ ಮನೆ ಹೆಣ್ಣು ತಂದೀವಿ ಅಂತ."

ಈ ಸಲ ಯಾರೂ ನಗಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ, ನನ್ನ ಹೆಗಲ ಮೇಲೆ ಮೇಜು ಒರೆಸುವ ಬಟ್ಟೆ ಇತ್ತು. ಕೊಡಲಿಲ್ಲ. ಮುದುಕರು ರೇಷ್ಮೆ ಅಂಚಿನ ಆ ಶಲ್ಯದ ತುದಿ ಹಿಡಿದು ಒರೆಸಿದರು, ಒಂದು ಗುಟುಕು ಚಹಾ ಕುಡಿದು ಹೊರಟರು. ಮತ್ತೆ ಬರಲಿಲ್ಲ.

ಮುಂದಿನ ತಿಂಗಳು ಚನ್ನಗಿರಿಯ ಮೇಷ್ಟ್ರು ಒಂದು ಹೊಸ ಲೆಕ್ಕ ತಂದರು. ಇವರು ಎಲ್ಲರಿಗಿಂತ ಚಿಕ್ಕವರು, ಮೈಸೂರಿನಲ್ಲಿ ಕಾಲೇಜು ಓದಿ ಬಂದವರು, ತಮಾಷೆಯ ಮನುಷ್ಯ.

"ಕೋನಾನ ಎರಡು ಸಮಪಾಲು ಮಾಡೋದು ಹುಡುಗ್ರಿಗೂ ಬರತೈತೆ. ಮೂರು ಸಮಪಾಲು ಮಾಡ್ರಿ ನೋಡಾನ. ಕೈವಾರ, ಗುರುತಿಲ್ಲದ ಅಡಿಪಟ್ಟಿ, ಎರಡೇ ಮುಟ್ಟಬೇಕು. ಕೋನ ಅರವತ್ತು ಡಿಗ್ರಿ."

ಚಾಕ್ ಒಂದು ಸುತ್ತು ಬಂತು. ಯಾರೂ ಗೆರೆ ಎಳೆಯಲಿಲ್ಲ. ಅಣ್ಣನಿಗೂ ಹೊಳೆಯಲಿಲ್ಲ.

"ಮೈಸೂರಾಗೆ ನಮ್ಮ ಕಾಲೇಜಿನೋರು ಒಬ್ರು, ಊಟಕ್ಕೆ ಎಲೆ ಹಾಕೋದ್ರಾಗೆ ಮಾಡಿ ಮುಗಿಸಿದ್ರು," ಎಂದರು ಚನ್ನಗಿರಿಯವರು.

ಅಣ್ಣನ ಮುಖ ಬಿಗಿಯಿತು. "ಇದನ್ನ ನನಗೆ ಬಿಡ್ರಿ," ಎಂದ.

ಚನ್ನಗಿರಿಯವರು ಕೈ ತೊಳೆಯುವ ನೆಪದಲ್ಲಿ ಅಡುಗೆ ಕೋಣೆಗೆ ಬಂದು, ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಕ್ಕರು.

"ಸಾಹುಕಾರ್ರೇ, ಅದು ಆಗಲ್ಲ. ಯಾರ ಕೈಲೂ ಆಗಲ್ಲ. ಆಗಲ್ಲ ಅಂತ ನಮ್ಮಜ್ಜ ಹುಟ್ಟಾಕೆ ಮುಂಚೇನೇ ಯಾರೋ ಪರದೇಶದೋರು ತೋರಿಸಿಬಿಟ್ಟಾರೆ."

"ಮತ್ತೆ ಆ ಮೈಸೂರಿನೋರು?"

"ಎಲ್ಲಿ ಮೈಸೂರು, ಎಲ್ಲಿ ಎಲೆ! ಒಂದು ತಿಂಗಳು ತಲೆ ಕೆರಕೊಳ್ಳಲಿ. ಆಮೇಲೆ ಹೇಳಿ, ಅವರ ಶಲ್ಯದಾಗೇ ಹಲಗೆ ಒರೆಸಿಸಾನ. ನ್ಯಾಮತಿ ಮುದುಕರ ಲೆಕ್ಕ ಚುಕ್ತಾ. ನೀವು ಬಾಯಿ ಬಿಡಬ್ಯಾಡ್ರಿ ಮತ್ತೆ."

ನಾನು ಅವರ ತಟ್ಟೆಗೆ ಇನ್ನೆರಡು ಬಜ್ಜಿ ಹಾಕಿದೆ. ನಮ್ಮಣ್ಣನಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಾಗಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಆ ಸಂತೋಷ ಹೇಗಿತ್ತೆಂದರೆ, ಅವತ್ತು ಇಡೀ ದಿನ ಒಬ್ಬನೇ ನಗುತ್ತಿದ್ದೆ.

ಒಂದು ತಿಂಗಳ ಮೇಲೆ ಅಣ್ಣ ಉತ್ತರ ಸಿಕ್ಕಿತೆಂದು ಬಂದ. ಹಲಗೆಯ ಮೇಲೆ ಕೈವಾರದಿಂದ ಕಂಸಗಳನ್ನು ಎಳೆಯತೊಡಗಿದ. ಚನ್ನಗಿರಿಯವರು ನಿಜ ಹೇಳಬೇಕಿದ್ದ ದಿನ ಅದು. ಅವರು ಗೋಡೆಗೊರಗಿ ಕೈಕಟ್ಟಿದರು. "ಹೂಂ, ಮುಂದೆ?" ಎಂದರು.

ಅಣ್ಣ ಇನ್ನೊಂದು ಗೆರೆ ಎಳೆದ. "ಹೂಂ, ಮುಂದೆ?" ಎಂದರು ಜಗಳೂರಿನವರು, ಅಷ್ಟರಲ್ಲಿ ಅವರಿಗೂ ಗುಟ್ಟು ತಿಳಿದಿತ್ತು. ಅದು ತನ್ನದೇ ಮಾತೆಂದು ಅಣ್ಣನಿಗೆ ಹೊಳೆಯಲಿಲ್ಲ. ಇಷ್ಟು ಆಸಕ್ತಿಯಿಂದ ಕೇಳುತ್ತಿದ್ದಾರಲ್ಲ ಎಂದು ಅವನಿಗೆ ಹಿಗ್ಗು. ಕೊನೆಯಲ್ಲಿ ಅಳೆದರೆ ಕೂದಲೆಳೆಯಷ್ಟು ತಪ್ಪಿತ್ತು. "ಹತ್ರ ಬಂದೀರಿ, ಬಿಡಬ್ಯಾಡ್ರಿ," ಎಂದು ಬೆನ್ನು ತಟ್ಟಿದರು. ಅವರು ಹೋದ ಮೇಲೆ ನಾನೂ ಅಂದೆ, "ಬಿಡಬ್ಯಾಡಣ್ಣ."

ತಮಾಷೆ ಎಷ್ಟು ರುಚಿಸಿತೆಂದರೆ ಒಂದು ತಿಂಗಳಿನದು ವರ್ಷ ದಾಟಿತು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಗಿ ಕಾಗದ ಸಿಗುವುದು ಕಷ್ಟವಾಯಿತು. ಅಣ್ಣ ಮನೆಯ ನೆಲದ ಮೇಲೆ ಇದ್ದಿಲಿನಿಂದ ಬರೆಯತೊಡಗಿದ. ಚಿಕ್ಕ ಚಿತ್ರದಲ್ಲಿ ತಪ್ಪು ಕಾಣುವುದಿಲ್ಲ, ದೊಡ್ಡದಾಗಿ ಬರೆದರೆ ಎಲ್ಲಿ ತಪ್ಪಿದೆಯೆಂದು ಸಿಕ್ಕುತ್ತದೆ ಎನ್ನುತ್ತಿದ್ದ. ಅಳಿಸಿಹೋಗುತ್ತದೆಂದು ಅತ್ತಿಗೆಗೆ ಸಗಣಿ ಸಾರಿಸಲು ಬಿಡುತ್ತಿರಲಿಲ್ಲ. ನೆಲ ಬಿರುಕು ಬಿಟ್ಟು ದೂಳೆದ್ದಿತು. ಯುಗಾದಿಗೂ ಸಾರಿಸಲಿಲ್ಲ. ಅವಳು ನೀರಿನ ಕೊಡ ಹೊತ್ತು ಕಂಸಗಳನ್ನು ದಾಟಿ ದಾಟಿ ಒಲೆಯ ಹತ್ತಿರ ಹೋಗುತ್ತಿದ್ದಳು. ಒಂದು ಸಲ ಸೆರಗು ತಾಗಿ ಗೆರೆ ಮಾಸಿದ್ದಕ್ಕೆ ಹಾಕಿದ ಊಟ ಬಿಟ್ಟು ಎದ್ದನಂತೆ.

ಅವಳು ಹೋಟೆಲಿಗೆ ಬಂದಳು. ಹೆಂಗಸರು ಹೋಟೆಲಿಗೆ ಬರುವ ಕಾಲವಲ್ಲ ಅದು. ಹಿತ್ತಲ ಬಾಗಿಲಲ್ಲಿ ನಿಂತು ಕರೆದಳು.

"ನಿಮ್ಮಣ್ಣ ಉಣ್ಣಲ್ಲ, ಮಲಗಲ್ಲ, ಶಾಲ್ಯಾಗೆ ಪಾಠನೂ ಮಾಡಲ್ಲಂತೆ. ಹೆಡ್‌ಮೇಷ್ಟ್ರ ಜಾಗ ಇವರಿಗೇ ಬರತೈತೆ ಅಂತ ಕಾಯ್ಕೊಂಡಿದ್ವಿ, ಹಿಂಗಾದ್ರೆ ಯಾರು ಕೊಡ್ತಾರೆ? ನೀನಾದ್ರೂ ಹೇಳಪ್ಪ."

"ಅವನಿಗೆ ನಾನು ಲೆಕ್ಕ ಹೇಳಾಕಾಗತೈತಾ ಅತ್ತಿಗೆ? ಸೊನ್ನೆ ನಾನು."

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋದಳು. ನಾನು ಹೋಗಿ ಒಲೆಗೆ ಸೌದೆ ಹಾಕಿದೆ.

ಕೊನೆಗೆ ಚನ್ನಗಿರಿಯವರಿಗೇ ಹೆದರಿಕೆಯಾಯಿತು. ಅಣ್ಣನ ಕಣ್ಣು ಒಳಗೆ ಹೋಗಿದ್ದವು, ಕೋಟಿನ ಗುಂಡಿ ಅದಲು ಬದಲಾಗಿರುತ್ತಿತ್ತು. "ಸಾಹುಕಾರ್ರೇ, ಇದು ಅತಿ ಆಯ್ತು," ಎಂದರು. "ನಾನು ಹೇಳಿದ್ರೆ ಜನ್ಮದಾಗೆ ನನ್ನ ಮುಖ ನೋಡಲ್ಲ ಅವರು. ನೀವು ಒಡಹುಟ್ಟಿದೋರು. ಮೆತ್ತಗೆ ಹೇಳ್ರಿ. ಅದು ಆಗಲ್ಲಂತೆ, ಚನ್ನಗಿರಿಯೋರು ಹೇಳಿ ಕಳಿಸ್ಯಾರೆ, ತಪ್ಪಾಯ್ತು ಅಂದಾರೆ ಅಂತ ಹೇಳ್ರಿ."

ಆಗಲಿ ಎಂದೆ. ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆ ಬಂದಾಗ ಅವನು, "ಲೇ, ಚಹಾ ಕಾಯಿಸಾಕೂ ಲೆಕ್ಕ ಬೇಕಲೇ, ಇದೇನು ಕಲಗಚ್ಚು," ಎಂದ. ಬಾಯಿಗೆ ಬಂದಿದ್ದ ಮಾತು ಹಾಗೇ ಒಳಗೆ ಹೋಯಿತು.

ಮುಂದಿನ ತಿಂಗಳು ಚನ್ನಗಿರಿಯವರು ಬಂದವರೇ ಕೇಳಿದರು, "ಹೇಳಿದ್ರಾ?"

"ಹೇಳಿದೆ."

"ಏನಂದ್ರು?"

ಲೋಟಕ್ಕೆ ಚಹಾ ಬಸಿಯುತ್ತ ಅಲ್ಲೇ ಒಂದು ಮಾತು ಹುಟ್ಟಿಸಿದೆ. "ನಿಮಗೆಲ್ಲ ಆಗಲ್ಲ ಅಂದ್ರೆ ನನಗೂ ಆಗಬಾರದು ಅಂತ ಎಲ್ಲೈತೆ, ಅಂದ."

ಅವರು ಕೈಚೆಲ್ಲಿದರು. ಆ ಮಾತು ನ್ಯಾಮತಿಗೂ ಹೋಯಿತು, ಜಗಳೂರಿಗೂ ಹೋಯಿತು. ಅಲ್ಲಿಯವರೆಗೆ ಅವರಿಗೆ ಅಣ್ಣನ ಮೇಲೆ ಸ್ವಲ್ಪ ಕನಿಕರವಿತ್ತು. ತಿಳಿದೂ ಹಟ ಮಾಡುವವನ ಮೇಲೆ ಕನಿಕರ ಯಾರಿಗಿರುತ್ತದೆ? ಉಳಿದವರೂ ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಅಣ್ಣ ಮಾತ್ರ ಭಾನುವಾರ ತಪ್ಪದೆ ಬಂದು ಹಿಂದಿನ ಕೋಣೆಯಲ್ಲಿ ಹಲಗೆಯ ಮುಂದೆ ಕೂರುತ್ತಿದ್ದ.

"ಬರಲಿಲ್ಲೇನೋ ಅವರು?"

"ಪೆಟ್ರೋಲ್ ಇಲ್ಲಂತಣ್ಣ. ಬಸ್ಸು ನಿಂತಾವಂತೆ."

ಪೆಟ್ರೋಲಿನ ಬದಲು ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು ಆಗತಾನೇ ಹೋಟೆಲಿನ ಮುಂದೆ ಕೆಮ್ಮುತ್ತ ಹೋಗಿತ್ತು. ಅವನು ಹಲಗೆ ನೋಡುತ್ತ ಕೂತಿದ್ದ, ಕೇಳಿಸಿಕೊಂಡಿರಲಿಲ್ಲ.

ಹಳೆಯ ಹೆಡ್‌ಮೇಷ್ಟ್ರು ನಿವೃತ್ತರಾಗುವ ವರ್ಷ ಇನ್ಸ್‌ಪೆಕ್ಟರು ಶಾಲೆಗೆ ಬಂದರು. ಜಾಗ ಯಾರಿಗೆಂದು ಅವರೇ ಶಿಫಾರಸು ಮಾಡಬೇಕಿತ್ತು. ಅವತ್ತು ಅಣ್ಣ ಕ್ಲಾಸನ್ನು ಬಯಲಿಗೆ ಕರೆದುಕೊಂಡು ಹೋಗಿದ್ದ. ನಡುವೆ ಗೂಟ ಹೊಡೆದು, ಗೂಟಕ್ಕೆ ಬಾವಿಯ ಹಗ್ಗ ಕಟ್ಟಿ, ಹಗ್ಗದ ತುದಿ ಹಿಡಿದು ಹುಡುಗರನ್ನು ಸುತ್ತ ನಡೆಸುತ್ತಿದ್ದ. ಇಡೀ ಬಯಲೇ ಅವನ ಹಲಗೆ, ಹಗ್ಗವೇ ಕೈವಾರ. ಬಿಸಿಲಲ್ಲಿ ಹುಡುಗರು ಬೆವರುತ್ತಿದ್ದರು. ಇವನು ಪೇಟವಿಲ್ಲದ ತಲೆಯಲ್ಲಿ ನೆಲಕ್ಕೆ ಕೆನ್ನೆಯಿಟ್ಟು ಗೆರೆ ನೇರವಿದೆಯೇ ಎಂದು ನೋಡುತ್ತಿದ್ದ.

"ಏನ್ರೀ ಮೇಷ್ಟ್ರೇ ಇದು?" ಎಂದರು ಇನ್ಸ್‌ಪೆಕ್ಟರು.

ಅಣ್ಣ ಎದ್ದು ಮಣ್ಣು ಕೊಡವಿಕೊಂಡು ಸಂಭ್ರಮದಿಂದ ಎಲ್ಲ ವಿವರಿಸಿದ. ಅವರು ಕೊನೆಯವರೆಗೂ ಕೇಳಿದರು.

"ಇದು ಸಾಧ್ಯವಿಲ್ಲ ಅಂತ ತೀರ್ಮಾನವಾಗಿ ನೂರು ವರ್ಷದ ಮೇಲಾಯ್ತಲ್ರೀ. ನಿಮಗೆ ತಿಳೀದೆ?"

ಹುಡುಗನೊಬ್ಬ ಕಿಸಕ್ಕೆಂದ. ಆಮೇಲೆ ಎಲ್ಲರೂ. ಅಣ್ಣನೆದುರು ಹುಡುಗರು ನಕ್ಕಿದ್ದು ಅದೇ ಮೊದಲು. ಅವನು, "ಆಗುತ್ತೆ ಅಂತ ಚನ್ನಗಿರಿಯವರು ಹೇಳಿದ್ದರು ಸ್ವಾಮಿ. ಆಗಲ್ಲ ಅಂತ ಯಾರೂ ಹೇಳಲಿಲ್ಲ," ಎಂದನಂತೆ.

ಇನ್ಸ್‌ಪೆಕ್ಟರ ಮುಂದಿನ ಊರು ಚನ್ನಗಿರಿ. ಅಲ್ಲಿ ಕೇಳಿದಾಗ ಆ ಮೇಷ್ಟ್ರು, ತಮಾಷೆಗೆ ಕೊಟ್ಟಿದ್ದು ನಿಜ, ಆದರೆ ಆಗದೆಂದು ತಮ್ಮನ ಕೈಲಿ ಎಂದೋ ಹೇಳಿ ಕಳಿಸಿದ್ದೇನೆ, ಅದಕ್ಕವರು ಹೀಗೆಂದರು ಎಂದು ನನ್ನ ಮಾತನ್ನೇ ಒಪ್ಪಿಸಿದರು. ಅವರ ಮಟ್ಟಿಗೆ ಅವರು ಸತ್ಯವನ್ನೇ ಹೇಳಿದ್ದರು. ವಾರದೊಳಗೆ ಹಳೆಯ ಹೆಡ್‌ಮೇಷ್ಟ್ರು ಅಣ್ಣನನ್ನು ಕರೆದು, ತಿಳಿದೂ ತಿಳಿದೂ ಹುಡುಗರ ಹೊತ್ತು ಹಾಳು ಮಾಡಿದಿರಿ, ಇನ್ಸ್‌ಪೆಕ್ಟರಿಗೂ ಸುಳ್ಳು ಹೇಳಿದಿರಿ ಎಂಬ ಮಾತು ಬಂದಿದೆ, ಏನು ಹೇಳುತ್ತೀರಿ ಎಂದು ಕೇಳಿದರು. ಅಣ್ಣ ಅಲ್ಲಿಂದ ನೇರ ಹೋಟೆಲಿಗೆ ಬಂದ.

ಸಂತೆಯ ದಿನ. ಬೆಂಚುಗಳೆಲ್ಲ ತುಂಬಿದ್ದವು. ಅವನು ನನ್ನ ಗಲ್ಲಾಪೆಟ್ಟಿಗೆಯ ಮುಂದೆ ನಿಂತ.

"ಲೇ, ಚನ್ನಗಿರಿಯೋರು ನಿನ್ನ ಕೈಲಿ ನನಗೇನಾದ್ರೂ ಹೇಳಿ ಕಳಿಸಿದ್ರಾ?"

ಇಲ್ಲಿ ನಾನು ನಿಜ ಹೇಳಬಹುದಿತ್ತು. ಹೇಳಿದ್ದರೆ ಅವನು ನನ್ನ ರಟ್ಟೆ ಹಿಡಿದು ಹೆಡ್‌ಮೇಷ್ಟ್ರ ಮುಂದೆ ನಿಲ್ಲಿಸುತ್ತಿದ್ದ. ತಿಳಿಯದೆ ಮಾಡಿದ್ದಾರೆ ಎಂದು ಅವನ ಮರ್ಯಾದೆ ಉಳಿಯುತ್ತಿತ್ತು, ಜಾಗವೂ ಸಿಗುತ್ತಿತ್ತೇನೋ. ಬೆಂಚಿನ ಮೇಲಿದ್ದವರೆಲ್ಲ ಲೋಟ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು.

"ಹೇಳಿದ್ನಲ್ಲಣ್ಣ," ಎಂದೆ.

"ಯಾವಾಗ?"

"ಹಿಂದಿನ ಕೋಣ್ಯಾಗೆ ಕೂತಿದ್ದಿ. ಚಹಾ ಕೊಡಾಕೆ ಬಂದಾಗ ಹೇಳಿದೆ. ನಿಮಗೆಲ್ಲ ಆಗಲ್ಲ ಅಂದ್ರೆ ನನಗೂ ಆಗಬಾರದು ಅಂತ ಎಲ್ಲೈತೆ ಅಂತ ನೀನೇ ಅಂದಿ. ಮರೆತ್ಯಾ?"

ಹೊಡೆಯುತ್ತಾನೆಂದುಕೊಂಡೆ. ಅವನು ಹುಬ್ಬು ಗಂಟಿಕ್ಕಿ, ಲೆಕ್ಕದಲ್ಲಿ ಬಿಟ್ಟುಹೋದ ಸಾಲನ್ನು ಹುಡುಕುವವನಂತೆ ತುಟಿಯಲ್ಲೇ ಆ ಮಾತನ್ನು ಅಂದು ನೋಡಿಕೊಂಡ.

"ನಾನು ಅನ್ನೋ ಹಂಗೇ ಐತೆ," ಎಂದ. "ಅಂದಿರಬೇಕು."

ಬೆಂಚಿನಲ್ಲಿದ್ದ ಯಾರೋ, "ಮೇಷ್ಟ್ರಿಗೆ ಬಿಸಿಲು ನೆತ್ತಿಗೇರೈತೆ," ಎಂದು ನಕ್ಕರು. ನಾನು ಸುಮ್ಮನಿರು ಎಂದು ನಕ್ಕವನಿಗೆ ಗದರಲೂ ಇಲ್ಲ.

ಮರುದಿನ ಅಣ್ಣ ತಾನೇ ಹೆಡ್‌ಮೇಷ್ಟ್ರ ಹತ್ತಿರ ಹೋಗಿ, ಕೇಳಿದ್ದು ನನ್ನ ತಲೆಯಲ್ಲಿ ನಿಲ್ಲುತ್ತಿಲ್ಲ, ಇಂಥವನು ಲೆಕ್ಕ ಕಲಿಸಬಾರದು ಎಂದು ಹೇಳಿ ಬಂದ. ಅವನನ್ನು ಜಗಳೂರಿನ ಕಡೆಗೆ, ಅಕ್ಷರ ತಿದ್ದಿಸುವ ಕ್ಲಾಸಿಗೆ ಹಾಕಿದರು. ಹೊರಡುವ ದಿನ ಅತ್ತಿಗೆ, ಅಲ್ಲಾದರೂ ನೆಲ ಸಾರಿಸಬಹುದು ಎಂದಳು. ಅವಳಿಗೆ ನಿಜ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.

ಅವನ ಬುದ್ಧಿಗೆ ಏನೂ ಆಗಿರಲಿಲ್ಲ. ಹತ್ತು ವರ್ಷದ ಹಿಂದಿನ ಲೆಕ್ಕಗಳೂ ಬಾಯಲ್ಲಿದ್ದವು. ಆದರೆ ನಾನು ಹಾಕಿದ ಅನುಮಾನ ಒಳಗೆ ಬೇರು ಬಿಟ್ಟಿತ್ತು. ಯಾರು ಏನು ಹೇಳಿದರೂ, "ಇದನ್ನ ಮೊದಲೇ ಹೇಳಿದ್ರಾ?" ಎಂದು ಕೇಳುತ್ತಿದ್ದ. ಮಕ್ಕಳಿಗೆ ಇದು ಬೇಗ ತಿಳಿಯಿತು.

"ಇವತ್ತು ರಜಾ ಅಂತ ನಿನ್ನೆ ನೀವೇ ಹೇಳಿದ್ರಿ ಸಾ."

"ಹೇಳಿದ್ನಾ? ಹಂಗಾದ್ರೆ ಹೋಗ್ರಿ."

ಒಮ್ಮೆ ನಾನು ಹೋದಾಗ ಕ್ಲಾಸು ಖಾಲಿಯಿತ್ತು. ಅವನೊಬ್ಬನೇ ಕುರ್ಚಿಯ ಮೇಲೆ ಕೂತು, ತಾನು ಯಾವಾಗ ರಜಾ ಕೊಟ್ಟೆನೆಂದು ನೆನಪು ಮಾಡಿಕೊಳ್ಳುತ್ತಿದ್ದ. ಹೊರಗೆ ಬೇಲಿಯ ಸಂದಿಯಿಂದ ಮಕ್ಕಳು ಇಣುಕಿ ನಗುತ್ತಿದ್ದರು. ಅವರನ್ನು ಓಡಿಸಲು ಕಲ್ಲೆತ್ತಿಕೊಂಡೆ. ಯಾವ ಮುಖದಿಂದ ಎಸೆಯಲಿ ಎನ್ನಿಸಿ ಕೆಳಗೆ ಹಾಕಿದೆ.

ಯುದ್ಧ ಮುಗಿದ ಮೇಲೆ ಅವನಿಗೆ ಎದೆಯಲ್ಲಿ ನೀರು ತುಂಬಿತು. ಬದುಕುವುದಿಲ್ಲವೆಂದು ತಿಳಿದು ಹೋಟೆಲಿಗೆ ಬೀಗ ಹಾಕಿ ಹೋದೆ. ಮಧ್ಯಾಹ್ನ. ಬೇವಿನ ನೆರಳಿನಲ್ಲಿ ಮಂಚ ಹಾಕಿದ್ದರು. ಅತ್ತಿಗೆ ನೀರಿಗೆ ಹೋಗಿದ್ದಳು. ನಾನು ಅವನ ಕಾಲ ಹತ್ತಿರ ಕೂತೆ.

"ಅಣ್ಣ, ಒಂದು ಮಾತು ಹೇಳಬೇಕು. ಚನ್ನಗಿರಿಯೋರು ಹೇಳಿ ಕಳಿಸಿದ್ದನ್ನ ನಾನು ನಿನಗೆ ಹೇಳಿರಲಿಲ್ಲ. ಹೇಳಿದೆ ಅಂತ ಅವತ್ತು ಸುಳ್ಳು ಹೇಳಿದೆ. ನೀನು ಏನೂ ಮರೆತಿರಲಿಲ್ಲ. ನಿನ್ನ ತಲೆಗೆ ಏನೂ ಆಗಿಲ್ಲ."

ಅವನು ಕಣ್ಣು ಮುಚ್ಚಿದ. ಹುಬ್ಬು ಗಂಟಾದವು. ಉಸಿರು ಎಳೆದೆಳೆದು ಬಿಡುತ್ತಿದ್ದ. ಎಲ್ಲವನ್ನೂ ಮೊದಲಿನಿಂದ ಕೂಡಿಸಿ ನೋಡುತ್ತಿದ್ದಾನೆ ಎಂದುಕೊಂಡೆ. ಆಮೇಲೆ ಕಣ್ಣು ಬಿಟ್ಟು ಅಂಜುತ್ತ ನನ್ನನ್ನು ನೋಡಿದ. ಅಷ್ಟು ವರ್ಷದಲ್ಲಿ ಅವನು ನನಗೆ ಅಂಜಿದ್ದನ್ನು ನೋಡಿರಲಿಲ್ಲ.

"ಇದನ್ನೂ ಮೊದಲೇ ಹೇಳಿದ್ದಿ, ಅಲ್ವೇನೋ?" ಎಂದ.

ಇಲ್ಲ ಎಂದಿದ್ದರೆ ಮತ್ತೆ ಎಲ್ಲವನ್ನೂ ಹೇಳಬೇಕಿತ್ತು, ಈ ಸಲ ಅವನು ನಂಬಬೇಕಿತ್ತು, ನಂಬಿದ ಮೇಲೆ ಆ ಕಣ್ಣಿನಿಂದ ನನ್ನನ್ನು ನೋಡಬೇಕಿತ್ತು. ಅತ್ತಿಗೆ ಕೊಡ ಹೊತ್ತು ಬರುವುದು ದೂರದಲ್ಲಿ ಕಾಣುತ್ತಿತ್ತು.

"ಹೂಂ ಅಣ್ಣ," ಎಂದೆ. "ಹೇಳಿದ್ದೆ."